ಹೆಣ್ಣುಮರಿ ಉಳಿದರೆ ಹಟ್ಟಿಯ ನಾಯಿ ಉಳಿದೀತು

ಹಿರಿಯೂರಿನ ಕಡೆ ಕುರಿ ಮೇಯಿಸುವವರು, ಹೊಸದುರ್ಗದ ಕಡೆ ತೆಂಗು ದಾಳಿಂಬೆ ಮಾಡಿಕೊಂಡವರು, ಹೊಳಲ್ಕೆರೆಯಲ್ಲಿ ಮೆಕ್ಕೆಜೋಳಕ್ಕೆ ನುಗ್ಗುವ ಹಂದಿಯಿಂದ ನಿದ್ದೆಗೆಟ್ಟವರು, ಎಲ್ಲರ ಬಾಯಲ್ಲೂ ಈಚಿನ ವರ್ಷಗಳಲ್ಲಿ ಒಂದೇ ಮಾತು: ಒಂದು ಮುಧೋಳ ಮರಿ ತಂದು ಸಾಕಿದರೆ ಹೇಗೆ? ಆಸೆ ಸಹಜವಾದದ್ದೇ. 2020ರ ಆಗಸ್ಟ್ 30ರಂದು ಪ್ರಧಾನಿಯವರು ‘ಮನ್ ಕಿ ಬಾತ್’ನಲ್ಲಿ ದೇಸಿ ನಾಯಿಗಳ ಪ್ರಸ್ತಾಪ ಮಾಡುತ್ತ ಮುಧೋಳದ ಹೆಸರು ಹೇಳಿದರು. ಅಂದಿನಿಂದ ಬಾಗಲಕೋಟೆ ಜಿಲ್ಲೆಯ ಆ ನಾಯಿ ನಮ್ಮ ಚಿತ್ರದುರ್ಗದ ಸಂತೆಗಳ ಮಾತಿಗೂ ಬಂತು. ಎತ್ತರದ ಮೈ, ಸಣ್ಣ ನಡು, ನೀಳ ಮೂತಿ, ಓಟಕ್ಕೆ ನಿಂತರೆ ಕಣ್ಣಿಗೆ ಸಿಗದ ವೇಗ. ಇಂಥ ನಾಯಿ ಮನೆ ಮುಂದೆ ಇದ್ದರೆ ಚೆಂದ ಎಂದು ಯಾರಿಗೆ ಅನ್ನಿಸುವುದಿಲ್ಲ!

ಕೇಳಿದವರಿಗೆ ನಾನು ತಿರುಗಿ ಕೇಳುವುದು ಒಂದೇ. ಆ ನಾಯಿಗೆ ಯಾವ ಕೆಲಸ ಕೊಡುತ್ತೀರಿ? ಕುರಿ ಕಾಯಲೋ, ಹೊಲ ಕಾಯಲೋ, ಮನೆ ಕಾಯಲೋ, ಬೇಟೆಗೋ? ಒಂದೊಂದು ಕೆಲಸಕ್ಕೆ ಒಂದೊಂದು ಸ್ವಭಾವದ ನಾಯಿ ಬೇಕು. ಕೆಲಸ ಗೊತ್ತುಮಾಡಿಕೊಳ್ಳದೆ ಮರಿ ತಂದವರ ಹೊಲದಲ್ಲಿ ಎರಡೇ ವರ್ಷಕ್ಕೆ ನಾಯಿ ಹಗಲೆಲ್ಲ ಸರಪಳಿಯಲ್ಲಿ ಬಿದ್ದಿರುತ್ತದೆ, ಇಲ್ಲವೇ ಕಂಡವರ ಕುರಿ ಅಟ್ಟಿ ಜಗಳ ತರುತ್ತದೆ.

ಮುಧೋಳ ನಾಯಿ ಕಣ್ಣಿನಿಂದ ಬೇಟೆಯಾಡುವ ನಾಯಿ. ಮೂಗಿನ ಜಾಡು ಹಿಡಿದು ನಿಧಾನಕ್ಕೆ ಹೋಗುವ ಜಾತಿಯದಲ್ಲ. ದೂರದಲ್ಲಿ ಏನೋ ಅಲುಗಿದ್ದು ಕಂಡ ಕ್ಷಣಕ್ಕೆ ಅದರ ಮೈ ಬಿಲ್ಲಾಗುತ್ತದೆ. ಓಡುವಾಗ ಒಂದೊಂದು ನೆಗೆತದಲ್ಲೂ ನಾಲ್ಕು ಕಾಲೂ ಎರಡು ಸಲ ನೆಲ ಬಿಡುತ್ತವೆ: ಒಮ್ಮೆ ಮೈ ಮುದುಡಿದಾಗ, ಇನ್ನೊಮ್ಮೆ ಪೂರ್ತಿ ಚಾಚಿದಾಗ. ಅರೇಬಿಯಾದ ಸಲೂಕಿ, ಇಂಗ್ಲೆಂಡಿನ ಗ್ರೇಹೌಂಡ್ ಓಡುವುದೂ ಹೀಗೆಯೇ. ಆಳವಾದ ಎದೆಗೂಡು, ದೊಡ್ಡ ಹೃದಯ, ಮೈಮೇಲೆ ಬೇಡದ ಕೊಬ್ಬಿಲ್ಲ, ಚರ್ಮ ತೆಳು. ಬಯಲಲ್ಲಿ ಓಡಲೆಂದೇ ಆದ ದೇಹ ಅದು.

ಈ ದೇಹಕ್ಕೆ ತಕ್ಕ ಎಚ್ಚರಗಳೂ ಇವೆ. ಉಂಡ ಕೂಡಲೇ ಓಡಿಸಬಾರದು. ಎದೆ ಆಳವಿರುವ ನಾಯಿಗಳಲ್ಲಿ ಹೊಟ್ಟೆ ಉಬ್ಬಿ ಜಠರವೇ ತಿರುಚಿಕೊಳ್ಳುವ ಅಪಾಯ ಹೆಚ್ಚು, ಹಾಗಾದರೆ ಗಂಟೆಗಳಲ್ಲಿ ಪ್ರಾಣ ಹೋಗುತ್ತದೆ. ಕೊಬ್ಬು ಕಡಿಮೆ ಇರುವುದರಿಂದ ಧನುರ್ಮಾಸದ ಚಳಿಗೆ ಗೋಣಿಚೀಲದ ಹಾಸಿಗೆ, ತಲೆಮೇಲೊಂದು ಸೂರು ಬೇಕೇ ಬೇಕು. ಅದೇ ಕಾರಣಕ್ಕೆ ಕೆಲವು ಅರಿವಳಿಕೆ ಮದ್ದುಗಳು ಈ ನಾಯಿಗಳ ಮೈಯಿಂದ ಬೇಗ ಇಳಿಯುವುದಿಲ್ಲ. ಶಸ್ತ್ರಚಿಕಿತ್ಸೆಗೆ ಒಯ್ದಾಗ ಇದು ಮುಧೋಳದ್ದು ಎಂದು ಪಶುವೈದ್ಯರಿಗೆ ಮೊದಲೇ ಹೇಳಬೇಕು. ನಮ್ಮ ಸೀಮೆಯ ಕಲ್ಲುನೆಲ, ಜಾಲಿಮುಳ್ಳು, ನೆಗ್ಗಿಲು, ಮುಳ್ಳುತಂತಿ ಇವೆಲ್ಲ ಆ ತೆಳು ಚರ್ಮಕ್ಕೂ ಪಾದಕ್ಕೂ ವೈರಿಗಳು. ಬಂದ ಮರಿಯನ್ನು ವರ್ಷ ತುಂಬುವ ಮೊದಲೇ ಬೈಕಿನ ಹಿಂದೆ ಓಡಿಸುವವರನ್ನು ಕಂಡಾಗ ನನ್ನ ಹೊಟ್ಟೆ ಕಿವುಚುತ್ತದೆ. ಎಲುಬು ಬಲಿಯುವ ಮೊದಲು ಅಂಥ ಓಟ ಓಡಿಸಿದರೆ ಕೀಲುಗಳು ಜೀವಮಾನವಿಡೀ ನೋಯುತ್ತವೆ.

ಮುಧೋಳದ ಕಥೆಗೂ ನಮ್ಮ ದುರ್ಗದ ಕಥೆಗೂ ಒಂದು ನಂಟಿದೆ. ಮುಧೋಳ ಸಂಸ್ಥಾನದ ರಾಜಾ ಮಾಲೋಜಿರಾವ್ ಘೋರ್ಪಡೆ ತಮ್ಮ ಸೀಮೆಯ ಬೇಡರ ಬಳಿ ಈ ಬೇಟೆನಾಯಿಗಳನ್ನು ಕಂಡು, ಆರಿಸಿ ಆರಿಸಿ ತಳಿ ಮಾಡಿಸಿದರು ಎಂಬುದು ಎಲ್ಲರೂ ಹೇಳುವ ಇತಿಹಾಸ. ಅವರು ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿ ಕಾಣಿಕೆ ಕೊಟ್ಟರು, ಮುಧೋಳದ ಹೆಸರು ನಾಯಿಗೆ ಅಂಟಿತು. 1857ರಲ್ಲಿ ಆಯುಧ ಒಪ್ಪಿಸುವುದಿಲ್ಲವೆಂದು ಬ್ರಿಟಿಷರ ವಿರುದ್ಧ ಎದ್ದ ಹಲಗಲಿಯ ಬೇಡರೂ ಇದೇ ಮುಧೋಳ ಸೀಮೆಯವರು. ಚಿತ್ರದುರ್ಗದ ಪಾಳೆಯಗಾರರು ಬೇಡ ನಾಯಕರು. ಹೀಗಾಗಿ ಬೇಟೆನಾಯಿ ನಮಗೆ ಹೊರಗಿನಿಂದ ಬಂದ ಹೊಸ ಮೋಜೇನಲ್ಲ. ಸಂಸ್ಥಾನದ ಹೆಸರು ಅಂಟಿದ ನಾಯಿ ಅಂಚೆಚೀಟಿಗೆ ಏರಿತು. 2005ರಲ್ಲಿ ಅಂಚೆ ಇಲಾಖೆ ನಾಲ್ಕು ದೇಸಿ ತಳಿಗಳ ಚೀಟಿ ತಂದಾಗ ಮುಧೋಳವೂ ಅದರಲ್ಲಿತ್ತು. ಅಂಥ ಹೆಸರು ಸಿಗದ ನಾಯಿಗಳು ಹಟ್ಟಿಯಲ್ಲಿ, ರೊಪ್ಪದ ಬಾಗಿಲಲ್ಲಿ ಹಾಗೆಯೇ ಉಳಿದವು. ಅವುಗಳ ಮಾತಿಗೆ ಆಮೇಲೆ ಬರುತ್ತೇನೆ.

ಕನ್ನಡ ನಾಡಿನಲ್ಲಿ ಕೆಲಸದ ನಾಯಿಗೆ ಸಿಕ್ಕ ಗೌರವ ಸಣ್ಣದಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ, ಶಕ ವರ್ಷ 872ರ, ಅಂದರೆ ಕ್ರಿ.ಶ. 949-50ರ ಶಾಸನದ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯ ಮಡಿದ ಮೇಲೆ, ಗಂಗ ಇಮ್ಮಡಿ ಬೂತುಗನ ಕಡೆಯ ವೀರ ಮಣಲೇರನ ಪರಾಕ್ರಮಕ್ಕೆ ಮೆಚ್ಚಿ ರಾಷ್ಟ್ರಕೂಟ ಮೂರನೆಯ ಕೃಷ್ಣ ಏನು ಬೇಕೆಂದು ಕೇಳಿದನಂತೆ. ಮಣಲೇರ ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟಾಗ ಹಂದಿಯೂ ನಾಯಿಯೂ ಒಂದನ್ನೊಂದು ಕೊಂದುಕೊಂಡು ಸತ್ತವು. ನಾಯಿಯ ನೆನಪಿಗೆ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನೆಡಿಸಿ ಭೂಮಿ ದತ್ತಿ ಬಿಟ್ಟರು. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲೂ ಬೇಟೆನಾಯಿಗಳಿಗೆ ಒಂದು ಅಧ್ಯಾಯವೇ ಇದೆ. ಇನ್ನು ಕುರುಬರ ಮನೆದೇವರು ಮೈಲಾರಲಿಂಗನ ಗೊರವರು ದೋಣಿ ಸೇವೆಯಲ್ಲಿ ನಾಯಿಗಳಂತೆ ಬಾಯಿಟ್ಟು ಪ್ರಸಾದ ತಿನ್ನುವುದನ್ನು ನೋಡಿದವರಿಗೆ, ಕುರಿ ಸಾಕಿದ ಜನ ನಾಯಿಯನ್ನು ಎಲ್ಲಿಟ್ಟಿದ್ದಾರೆ ಎಂದು ಬಿಡಿಸಿ ಹೇಳಬೇಕಿಲ್ಲ.

ಆದರೆ ಕಾಳಿಯ ಕಾಲ ಮುಗಿದಿದೆ, ಮುಗಿದದ್ದು ಒಳ್ಳೆಯದೇ ಆಯಿತು. ಯುಗಾದಿಯ ಮಾರನೆಯ ದಿನ ಬಲೆ, ದೊಣ್ಣೆ, ನಾಯಿ ಹಿಡಿದು ಊರಿಗೆ ಊರೇ ಬೇಟೆಗೆ ಹೊರಡುವ ರೂಢಿ ಬಯಲುಸೀಮೆಯ ಅನೇಕ ಹಳ್ಳಿಗಳಲ್ಲಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆ ಎಂದರೆ ಕೊಲ್ಲುವುದು ಮಾತ್ರ ಎಂದು ಹೇಳಿಲ್ಲ. ಉರುಳು ಹಾಕುವುದು, ಸೋವುವುದು, ನಾಯಿ ಬಿಟ್ಟು ಬೆನ್ನಟ್ಟಿಸುವುದು, ಎಲ್ಲವೂ ಅದರ ಲೆಕ್ಕದಲ್ಲಿ ಬೇಟೆಯೇ. ಮೊಲಕ್ಕೂ ರಕ್ಷಣೆ ಇದೆ, ಕೃಷ್ಣಮೃಗ ಮತ್ತು ತೋಳಕ್ಕಂತೂ ಅತಿ ಹೆಚ್ಚಿನ ರಕ್ಷಣೆ. ‘ನಾನು ಕೊಂದಿಲ್ಲ, ನಾಯಿ ಹಿಡಿಯಿತು’ ಎಂಬ ಮಾತು ನಿಲ್ಲುವುದಿಲ್ಲ. ಮೊಬೈಲಿನಲ್ಲಿ ಮೊಲ ಹಿಡಿದ ನಾಯಿಯ ವಿಡಿಯೊ ಹಾಕಿ ಮೆರೆಯುವ ಹುಡುಗರಿಗೆ ಅವರ ಅಪ್ಪ, ದೊಡ್ಡಪ್ಪಂದಿರು ಇದನ್ನು ತಿಳಿಸಿ ಹೇಳಬೇಕು. ಜೋಗಿಮಟ್ಟಿಯ ಕಾಡು, ವಾಣಿವಿಲಾಸ ಸಾಗರದ ಸುತ್ತಿನ ಕುರುಚಲು ಗುಡ್ಡ, ಚಳ್ಳಕೆರೆ ಕಡೆಯ ಕಾವಲುಗಳು, ಇಷ್ಟರಲ್ಲಿ ಉಳಿದಿರುವ ಜೀವ ಎಷ್ಟು ಕಡಿಮೆ ಎಂದು ಬೇಸಿಗೆಯಲ್ಲಿ ಒಮ್ಮೆ ಸುತ್ತಿ ಬಂದವರಿಗೆ ಗೊತ್ತು.

ಬೇಟೆ ನಿಂತಾಗ ಬೇಟೆನಾಯಿಯ ಗತಿ ಏನು ಎಂಬುದು ನಮ್ಮದೊಂದೇ ಪ್ರಶ್ನೆಯಲ್ಲ. ಇಂಗ್ಲೆಂಡಿನ ಹಳ್ಳಿಗರು ಗ್ರೇಹೌಂಡಿಗೆ ಕುರಿ ಕಾಯುವ ಕೋಲಿ ನಾಯಿಯನ್ನೋ ಟೆರಿಯರ್ ನಾಯಿಯನ್ನೋ ಕೂಡಿಸಿ ಬೆರಕೆ ಮಾಡುತ್ತಿದ್ದರು. ಓಟ ಗ್ರೇಹೌಂಡಿನದು, ಬುದ್ಧಿ ಕೋಲಿಯದು; ಅದನ್ನು ಲರ್ಚರ್ ಎನ್ನುತ್ತಾರೆ. ಬಡವರ ಒಲೆಗೆ ಮೊಲ ತಂದುಕೊಟ್ಟ ನಾಯಿ ಅದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2004ರ ಕಾಯ್ದೆ 2005ರ ಫೆಬ್ರವರಿಯಿಂದ ಜಾರಿಯಾಗಿ ನಾಯಿ ಬಿಟ್ಟು ಹೇರ್ ಜಾತಿಯ ಮೊಲ ಹಿಡಿಸುವುದು ಕಾನೂನುಬಾಹಿರವಾಯಿತು. ಸ್ಪೇನ್ ದೇಶದಲ್ಲಿ ಇನ್ನೊಂದು ಬಗೆಯ ಸಂಕಟ. ಅಲ್ಲಿ ಬೇಟೆಯ ಋತು ಮುಗಿದೊಡನೆ ಗಾಲ್ಗೊ ಎಂಬ ಓಟದ ನಾಯಿಗಳನ್ನು ರಸ್ತೆಗೆ ಬಿಟ್ಟು ಹೋಗುತ್ತಾರೆ. ಕೆಲಸ ಇಲ್ಲದ ನಾಯಿಗೆ ಅನ್ನ ಹಾಕುವವರು ಎಲ್ಲಿಯೂ ಕಡಿಮೆ.

ಮುಧೋಳಕ್ಕಾದರೂ ಹೊಸ ಕೆಲಸಗಳು ಸಿಗುತ್ತಿವೆ. ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿದೆ. ಅಲ್ಲಿಂದ 2016ರಲ್ಲಿ ಸೇನೆಯವರು ಮರಿಗಳನ್ನು ಮೀರತ್‌ನ ತರಬೇತಿ ಕೇಂದ್ರಕ್ಕೆ ಒಯ್ದರು. ವಾಯುಪಡೆಯವರು ರನ್‌ವೇ ಮೇಲಿನ ಹಕ್ಕಿ ಓಡಿಸಲು ಆಗ್ರಾಕ್ಕೆ ಒಯ್ದರು. ಕರ್ನಾಲ್‌ನ ರಾಷ್ಟ್ರೀಯ ಪಶು ತಳಿ ಸಂಪನ್ಮೂಲ ಸಂಸ್ಥೆ ಮುಧೋಳವನ್ನು ದೇಸಿ ತಳಿಯಾಗಿ ನೋಂದಾಯಿಸಿಕೊಂಡಿದೆ. ನಮ್ಮ ಸೀಮೆಯಲ್ಲಿ ತರುವವರೂ ಅಂಥದೇ ದಾರಿ ಯೋಚಿಸಲಿ. ಬೇಲಿ ಹಾಕಿದ ಐದಾರು ಎಕರೆ ತೋಟವಿದ್ದು, ಬೆಳಗ್ಗೆ ಸಂಜೆ ಬಿಟ್ಟು ಓಡಿಸಿ ಕರೆದರೆ ಬರುವಂತೆ ಮರಿಯಿಂದಲೇ ಪಳಗಿಸುವ ಪುರುಸೊತ್ತಿದ್ದವರು ಧಾರಾಳವಾಗಿ ಸಾಕಲಿ. ಕರೆದರೆ ಬರುವುದನ್ನು ಕಲಿಸುವುದೇ ಈ ನಾಯಿಗೆ ಬಹು ಕಷ್ಟದ ಪಾಠ. ಕಣ್ಣಿಗೆ ಬೇಟೆ ಬಿದ್ದ ಮೇಲೆ ಅದರ ಕಿವಿ ಮುಚ್ಚಿದಂತೆ. ಅದಕ್ಕೆ ಎರಡು ಮೂರು ತಿಂಗಳ ಮರಿಯಿದ್ದಾಗಲೇ ಹೆಸರು ಹಿಡಿದು ಕರೆದು, ಬಂದಾಗಲೆಲ್ಲ ತಿನ್ನಲು ಕೊಟ್ಟು, ಉದ್ದನೆಯ ಹಗ್ಗದಲ್ಲಿ ಬಿಟ್ಟು ಎಳೆದು ಅಭ್ಯಾಸ ಮಾಡಿಸಬೇಕು. ಹೊಡೆದರೆ ಕೆಟ್ಟಿತು, ಹೆದರಿದ ಮುಧೋಳ ಮತ್ತೆ ಹತ್ತಿರ ಬರುವುದಿಲ್ಲ.

ಆದರೆ ಕುರಿ ಕಾಯಲು? ಬೇಡ ಎನ್ನುವುದು ನನ್ನ ನೇರ ಅಭಿಪ್ರಾಯ. ಓಡುವುದನ್ನು ಕಂಡರೆ ಬೆನ್ನಟ್ಟುವುದು ಅದರ ರಕ್ತದಲ್ಲಿದೆ. ಬೆದರಿ ಓಡುವ ಕುರಿಯೂ ಅದರ ಕಣ್ಣಿಗೆ ಓಡುವ ಪ್ರಾಣಿಯೇ. ಮೇಲಾಗಿ ಮುಧೋಳ ಹೆಚ್ಚು ಬೊಗಳುವ ನಾಯಿಯಲ್ಲ, ಕುರಿ ಕಾವಲಿಗೆ ಬೇಕಾದದ್ದು ಬೊಗಳುವ ನಾಯಿ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತೋಳವನ್ನು ಹಿಡಿದು ಕೊಂದದ್ದೇ ಒಳ್ಳೆಯ ಕಾವಲು ನಾಯಿ ಎಂದು ಹಲವರು ತಿಳಿದಿದ್ದಾರೆ. ರಾತ್ರಿ ಮಂದೆಯ ಹತ್ತಿರ ತೋಳ ಬಂದಾಗ ಅದಕ್ಕೆ ಬೇಕಾದದ್ದು ಸದ್ದಿಲ್ಲದ ಎರಡು ನಿಮಿಷ. ನಾಯಿ ಬೊಗಳಿದರೆ ಆ ಎರಡು ನಿಮಿಷ ತಪ್ಪುತ್ತದೆ, ಕುರಿ ಎದ್ದು ಒತ್ತಾಗುತ್ತವೆ, ಕಂಬಳಿ ಹೊದ್ದು ಮಲಗಿದವ ಬ್ಯಾಟರಿ ಹಿಡಿದು ಏಳುತ್ತಾನೆ. ಗಾಯಗೊಂಡರೆ ಮುಂದೆ ಬೇಟೆಯಾಡಿ ಬದುಕಲಾಗದು ಎಂಬುದು ತೋಳಕ್ಕೂ ಗೊತ್ತು, ಹಾಗಾಗಿ ಗದ್ದಲವಿರುವ ಮಂದೆ ಬಿಟ್ಟು ಹೋಗುತ್ತದೆ. ಕಾದಾಟವಿಲ್ಲದೆ ರಾತ್ರಿ ಕಳೆಯುವುದೇ ನಾಯಿಯ ಕೆಲಸ. ಚಿರತೆಯ ವಿಷಯ ಬೇರೆ. ಚಿರತೆಗೆ ನಾಯಿಯೇ ಆಹಾರ. ಅದು ಕೊರಳಿಗೆ ಬಾಯಿ ಹಾಕುವುದರಿಂದ ಕುರಿಗಾಹಿಗಳು ನಾಯಿಗೆ ಕಬ್ಬಿಣದ ಮೊಳೆಗಳಿರುವ ಪಟ್ಟಿ ತೊಡಿಸುತ್ತಾರೆ. ಚಿರತೆ ತಿರುಗುವ ಕಡೆ ಒಂಟಿ ನಾಯಿಯನ್ನು ಹೊರಗೆ ಕಟ್ಟಿ ಮಲಗುವುದೆಂದರೆ ಅದನ್ನು ಬಲಿ ಕೊಟ್ಟಂತೆ. ಎರಡು ಮೂರು ನಾಯಿ ಬಿಟ್ಟೇ ಇರಬೇಕು, ಮಂದೆಯ ನಡುವೆ ಇರಬೇಕು.

ಈ ಕೆಲಸವನ್ನು ನಮ್ಮಲ್ಲಿ ಮಾಡಿಕೊಂಡು ಬಂದದ್ದು ಕಾಡುಗೊಲ್ಲರ, ಕುರುಬರ ಹಟ್ಟಿಯ ಹೆಸರಿಲ್ಲದ ನಾಯಿಗಳು. ಪಟ್ಟಣದವರು ಕಂತ್ರಿ ಎಂದು ಒಂದೇ ಮಾತಿನಲ್ಲಿ ತಳ್ಳಿಬಿಡುವ ನಾಯಿಗಳು. ಸುಗ್ಗಿಯ ನಂತರ ಹಿರಿಯೂರು, ಚಳ್ಳಕೆರೆ ಕಡೆಯ ಕುರಿಹಿಂಡುಗಳು ಭದ್ರಾ ಅಚ್ಚುಕಟ್ಟಿನ ಗದ್ದೆಗಳತ್ತ ಹೊರಟಾಗ ಈ ನಾಯಿಗಳೂ ಜೊತೆಗೆ ನಡೆಯುತ್ತವೆ. ರೈತರು ಗೊಬ್ಬರಕ್ಕೆಂದು ಹೊಲದಲ್ಲಿ ಮಂದೆ ಹಾಕಿಸಿಕೊಂಡ ರಾತ್ರಿಗಳಲ್ಲಿ ಬಲೆಯ ಸುತ್ತ ಸುತ್ತುವುದು ಅವೇ. ಹೆದ್ದಾರಿ ದಾಟುವಾಗ ಹಿಂದೆ ಉಳಿದ ಕುಂಟು ಮರಿಯ ಪಕ್ಕ ನಿಲ್ಲುವುದೂ ಅವೇ. ಅವಕ್ಕೆ ಸಿಗುವುದು ಎರಡು ಮುದ್ದೆ, ಒಂದಿಷ್ಟು ಮಜ್ಜಿಗೆ, ಹಿಂಡಿನಲ್ಲಿ ಹಾಲಿದ್ದರೆ ಒಂದು ಗುಟುಕು.

ಇಂಥ ನಾಯಿಯ ಬೆಲೆ ಏನು ಎಂಬುದನ್ನು ಆಫ್ರಿಕಾದ ನಮೀಬಿಯಾ ತೋರಿಸಿಕೊಟ್ಟಿದೆ. ಅಲ್ಲಿನ ರೈತರು ಆಡು ಕುರಿ ಹಿಡಿಯುತ್ತದೆಂದು ಚೀತಾಗಳನ್ನು ಗುಂಡಿಟ್ಟು ಕೊಲ್ಲುತ್ತಿದ್ದರು. ಚೀತಾ ಸಂರಕ್ಷಣಾ ನಿಧಿಯವರು 1994ರಿಂದ ಟರ್ಕಿ ಮೂಲದ ಕುರಿ ಕಾವಲು ನಾಯಿಗಳನ್ನು ಸಾಕಿ ರೈತರಿಗೆ ಕೊಡತೊಡಗಿದರು. ನಾಯಿ ಬಂದ ಹೆಚ್ಚಿನ ರೈತರ ನಷ್ಟ ಶೇ 80ಕ್ಕಿಂತ ಹೆಚ್ಚು ಇಳಿಯಿತು, ಚೀತಾಗಳೂ ಬದುಕಿಕೊಂಡವು. ನಮ್ಮಲ್ಲಿ ಟರ್ಕಿಯ ನಾಯಿ ಬೇಕಿಲ್ಲ. ಇಲ್ಲಿಯ ಬಿಸಿಲು, ಮುಳ್ಳು, ಮುದ್ದೆ ಎಲ್ಲಕ್ಕೂ ಒಗ್ಗಿದ ನಾಯಿ ಹಟ್ಟಿಯಲ್ಲೇ ಇದೆ. ಅದನ್ನು ತರಬೇತಿ ಮಾಡುವ ಕ್ರಮವೂ ಹಳೆಯ ಕುರಿಗಾಹಿಗಳಿಗೆ ಗೊತ್ತಿದೆ, ಹೊಸಬರು ಕೇಳಿ ತಿಳಿಯುತ್ತಿಲ್ಲ ಅಷ್ಟೆ.

ಕ್ರಮ ಸರಳ, ಆದರೆ ಗಡುವು ಕಟ್ಟುನಿಟ್ಟು. ನಾಯಿಮರಿ ಯಾರು ನನ್ನವರು ಎಂದು ಮನಸ್ಸಿನಲ್ಲಿ ಮುದ್ರೆ ಒತ್ತಿಕೊಳ್ಳುವುದು ಹುಟ್ಟಿದ ಮೂರನೆಯ ವಾರದಿಂದ ಮೂರು ಮೂರೂವರೆ ತಿಂಗಳೊಳಗೆ. ಆ ಕಾಲದಲ್ಲಿ ಕುರಿಯ ವಾಸನೆ, ಕುರಿಯ ಮೈಶಾಖ, ಕುರಿಯ ದನಿ ಜೊತೆಗಿದ್ದರೆ ಕುರಿಯೇ ಅದರ ಬಳಗ. ಎಂಟು ವಾರದ ಮರಿಯನ್ನು ಕುರಿಮರಿಗಳ ರೊಪ್ಪದೊಳಗೇ ಬಿಡಬೇಕು. ಅಲ್ಲೇ ಉಣ್ಣಬೇಕು, ಅಲ್ಲೇ ಮಲಗಬೇಕು. ಮಕ್ಕಳು ಎತ್ತಿಕೊಂಡು ಆಡಿಸುತ್ತ ಮನೆಯ ಒಳಗೆ ಬೆಳೆಸಿದ ನಾಯಿ ಮನೆ ಕಾಯುತ್ತದೆ, ಮಂದೆ ಬಿಟ್ಟು ಮನೆಗೆ ಬರುತ್ತದೆ. ಹಾಗೆಂದು ಮನುಷ್ಯರ ಕೈಗೇ ಸಿಗದಂತೆ ಕಾಡುನಾಯಿ ಮಾಡಬಾರದು. ಕೊರಳಿಗೆ ಹಗ್ಗ ಹಾಕಿಸಿಕೊಳ್ಳುವಷ್ಟು, ಮುಳ್ಳು ಕೀಳಿಸಿಕೊಳ್ಳುವಷ್ಟು, ಚುಚ್ಚುಮದ್ದಿಗೆ ನಿಲ್ಲುವಷ್ಟು ಸಲಿಗೆ ಬೇಕು.

ಐದಾರು ತಿಂಗಳಿಗೆ ಮರಿನಾಯಿಗೆ ತುಂಟತನ ಬರುತ್ತದೆ. ಕುರಿಯ ಕಿವಿ ಜಗ್ಗುವುದು, ಉಣ್ಣೆ ಕಚ್ಚುವುದು, ಮರಿ ಅಟ್ಟುವುದು. ಆಗ ತಾನೇ ಬಹಳ ಜನ ಕೈಬಿಡುವುದು. ಆ ಆಟವನ್ನು ಮೊದಲ ದಿನವೇ ಗದರಿ ನಿಲ್ಲಿಸಬೇಕು, ದೊಡ್ಡ ಟಗರುಗಳ ನಡುವೆ ಬಿಟ್ಟರೆ ಅವೇ ಒಂದು ಗುಮ್ಮಿ ಬುದ್ಧಿ ಕಲಿಸುತ್ತವೆ. ಹಳೆಯ ನಾಯಿಯೊಂದು ಹಿಂಡಿನಲ್ಲಿದ್ದರೆ ಅರ್ಧ ಪಾಠ ಅದೇ ಹೇಳಿಕೊಡುತ್ತದೆ, ಹೀಗಾಗಿ ಮುದಿ ನಾಯಿ ಸಾಯುವವರೆಗೆ ಕಾಯದೆ ಅದು ಗಟ್ಟಿಯಿರುವಾಗಲೇ ಮರಿ ತರಬೇಕು. ಪೂರ್ತಿ ನಂಬಬಹುದಾದ ನಾಯಿ ಆಗಲು ಒಂದೂವರೆ ಎರಡು ವರ್ಷ ಬೇಕು. ‘ಛೂ’ ಎಂದು ಕಂಡ ಕಂಡದ್ದರ ಮೇಲೆ ಬಿಡುವ ಆಟವನ್ನು ಈ ನಾಯಿಗೆ ಕಲಿಸಲೇಬಾರದು. ಛೂ ಬಿಟ್ಟು ಬೆಳೆಸಿದ ನಾಯಿ ಒಂದು ದಿನ ದಾರಿಹೋಕರ ಮೇಲೂ ಹೋಗುತ್ತದೆ.

ಹೊಳಲ್ಕೆರೆ, ಹೊಸದುರ್ಗದ ಹೊಲ ಕಾಯುವವರಿಗೂ ನಾನು ಹೇಳುವುದು ಇಂಥದೇ ನಾಯಿ. ಹಂದಿಯ ಮೇಲೆ ನಾಯಿ ಬಿಟ್ಟರೆ ಕೋರೆಗೆ ಸಿಕ್ಕಿ ಸಾಯುವುದು ನಾಯಿಯೇ. ಕಾನೂನಿನ ತೊಡಕೂ ಇದೆ. ಅಟ್ಟಣೆಯ ಬುಡದಲ್ಲಿ ಬೊಗಳುವ ಎರಡು ನಾಯಿ ಇದ್ದು, ಮೇಲೆ ಡಬ್ಬ ಬಾರಿಸಲು ಒಬ್ಬ ಎಚ್ಚರವಿದ್ದರೆ ಹಂದಿ ಇನ್ನೊಂದು ದಿಕ್ಕು ಹಿಡಿಯುತ್ತದೆ. ಬೇಲಿಗೆ ಕರೆಂಟು ಹರಿಸುವವರು ತಮ್ಮ ನಾಯಿಯನ್ನೂ ಪಕ್ಕದ ಹೊಲದವನನ್ನೂ ಕಳೆದುಕೊಂಡ ಸುದ್ದಿ ಪ್ರತಿ ವರ್ಷ ಓದುತ್ತೇವೆ.

ಇನ್ನು ತಳಿ ಮಾಡುವ ವಿಚಾರ. ಈ ಬರಹ ಬರೆಯಲು ಕೂತದ್ದೇ ಇದಕ್ಕಾಗಿ. ಒಳ್ಳೆಯ ಹಟ್ಟಿ ನಾಯಿ ಈಗ ಸಿಗುವುದು ಕಷ್ಟವಾಗಿದೆ ಎಂದು ಕುರಿಗಾಹಿಗಳೇ ಹೇಳುತ್ತಾರೆ. ಹೇಗೆ ಸಿಕ್ಕೀತು? ನಾಯಿ ಮರಿ ಹಾಕಿದೆ ಎಂದು ಗೊತ್ತಾದರೆ ಬಂದವರೆಲ್ಲ ‘ಗಂಡ್ಮರಿ ಇದ್ರೆ ಕೊಡಣ್ಣ’ ಎನ್ನುತ್ತಾರೆ. ಹೆಣ್ಣುಮರಿಗಳನ್ನು ಚೀಲದಲ್ಲಿ ತುಂಬಿ ಊರಾಚೆ ಬಿಟ್ಟು ಬರುತ್ತಾರೆ. ಅವು ಹಸಿವಿನಿಂದ ಸಾಯುತ್ತವೆ, ಬದುಕಿದವು ಬೀದಿಯ ಗುಂಪು ಸೇರುತ್ತವೆ. ಅದೇ ಗುಂಪು ಮುಂದೆ ಕುರಿ ಹಿಡಿಯುತ್ತದೆ, ಕೃಷ್ಣಮೃಗದ ಮರಿ ಅಟ್ಟುತ್ತದೆ, ತೋಳಗಳ ಜೊತೆ ಬೆರಕೆಯೂ ಆಗುತ್ತದೆ. ಪುಣೆಯ ಸುತ್ತಿನ ಹುಲ್ಲುಗಾವಲಿನಲ್ಲಿ ತೋಳ ನಾಯಿ ಬೆರೆತ ಪ್ರಾಣಿಗಳಿರುವುದು ವಂಶವಾಹಿ ಪರೀಕ್ಷೆಯಿಂದಲೇ ಖಚಿತವಾಗಿದೆ. ಗಂಡುನಾಯಿ ಮಾತ್ರ ಸಾಕಿದ ಹಟ್ಟಿಯಲ್ಲಿ ಹತ್ತು ವರ್ಷ ಮಂದೆ ಕಾದ ನಾಯಿಯ ಗುಣ ಅದರ ಜೊತೆಗೇ ಮಣ್ಣಾಗುತ್ತದೆ. ತಳಿ ಉಳಿಯುವುದು ಹೆಣ್ಣು ಸಾಕಿದವರ ಮನೆಯಲ್ಲಿ. ಮುಧೋಳ, ಲೋಕಾಪುರದ ಸುತ್ತಿನ ಕುಟುಂಬಗಳು ತಮ್ಮ ನಾಯಿ ಉಳಿಸಿಕೊಂಡದ್ದು ಹೆಣ್ಣುನಾಯಿಯ ಲೆಕ್ಕ ಇಟ್ಟುಕೊಂಡೇ.

ಹೆಣ್ಣುನಾಯಿ ತೊಂದರೆ ಎನ್ನುವವರ ಮಾತಿನಲ್ಲಿ ಸುಳ್ಳಿಲ್ಲ. ಸುಮಾರು ಆರರಿಂದ ಎಂಟು ತಿಂಗಳಿಗೊಮ್ಮೆ ಬೆದೆಗೆ ಬರುತ್ತದೆ, ಮೂರು ವಾರ ಊರ ಗಂಡುನಾಯಿಗಳೆಲ್ಲ ಬಾಗಿಲಲ್ಲಿ. ಆ ಮೂರು ವಾರ ಗಟ್ಟಿ ಬಾಗಿಲಿನ ಕೋಣೆಯಲ್ಲಿ ಇರಿಸಲೇಬೇಕು. ಒಂದೇ ಸೂಲಿನಲ್ಲಿ ಎರಡು ಮೂರು ಗಂಡುನಾಯಿಗಳ ಮರಿ ಹುಟ್ಟಬಹುದು ಎಂಬುದು ಬಹಳ ಜನಕ್ಕೆ ತಿಳಿದಿಲ್ಲ. ಒಳ್ಳೆಯ ಗಂಡಿನ ಜೊತೆ ಕೂಡಿಸಿ, ಮಾರನೆಯ ದಿನ ಹೊರಗೆ ಬಿಟ್ಟರೆ ಮಾಡಿದ ಕೆಲಸ ನೀರಿಗೆ ಹೋಯಿತು. ಬೆದೆ ಶುರುವಾದ ಒಂಬತ್ತರಿಂದ ಹದಿನಾಲ್ಕನೆಯ ದಿನದ ನಡುವೆ ಸಾಮಾನ್ಯವಾಗಿ ಗಬ್ಬ ನಿಲ್ಲುತ್ತದೆ, 63 ದಿನದ ಆಸುಪಾಸಿಗೆ ಮರಿ ಹಾಕುತ್ತದೆ. ಮಾರಾಟಕ್ಕೆ ತಳಿ ಮಾಡುವವರಿಗೆ 2017ರ ನಿಯಮಗಳಿವೆ: 18 ತಿಂಗಳು ತುಂಬದ ಹೆಣ್ಣನ್ನು ಕೂಡಿಸುವಂತಿಲ್ಲ, ಜೀವಮಾನದಲ್ಲಿ ಐದು ಸೂಲಿಗಿಂತ ಹೆಚ್ಚು ಸಲ್ಲದು, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮಾರದವರೂ ಇದನ್ನೇ ಪಾಲಿಸಿದರೆ ನಾಯಿಗೆ ಕ್ಷೇಮ.

ಯಾವುದನ್ನು ಯಾವುದಕ್ಕೆ ಕೂಡಿಸಬೇಕು? ಬಣ್ಣ ನೋಡಬೇಡಿ, ಎತ್ತರ ನೋಡಬೇಡಿ. ಎರಡು ವರ್ಷ ಮಂದೆ ಕಾದು, ಒಂದು ಕುರಿಗೂ ಬಾಯಿ ಹಾಕದೆ, ರಾತ್ರಿ ಮಂದೆ ಬಿಟ್ಟು ಹೋಗದೆ ಉಳಿದ ಹೆಣ್ಣಿಗೆ ಅಂಥದೇ ಗಂಡು. ತಾಯಿ ಮಗ, ಅಣ್ಣ ತಂಗಿ ಕೂಡದಂತೆ ನೋಡಿಕೊಳ್ಳಲು ಹತ್ತು ಮೈಲಿ ಆಚೆಯ ಹಟ್ಟಿಯ ಗಂಡುನಾಯಿ ಕೇಳಿ ತರಬೇಕು, ಟಗರು ತರುವಾಗ ಮಾಡುವಂತೆ. ಮುಧೋಳದ ರಕ್ತ ಸ್ವಲ್ಪ ಬೆರೆಸಿದರೆ ಓಟ ಬರುತ್ತದೆ ಎಂದು ಬೆರಕೆ ಮಾಡುವವರಿದ್ದಾರೆ. ತೋಟ ಕಾಯುವವರಿಗೆ ಅದು ಆದೀತು. ಕುರಿಯವರಿಗೆ ಬೇಡ, ಆ ಮರಿಗಳಲ್ಲಿ ಯಾವುದಕ್ಕೆ ಬೆನ್ನಟ್ಟುವ ಚಟ ಬಂದಿದೆ ಎಂದು ಒಂದು ಕುರಿ ಸತ್ತ ಮೇಲೆಯೇ ಗೊತ್ತಾಗುವುದು. ತಳಿಗೆ ಬೇಡವಾದ ನಾಯಿಗೆ, ಹೆಣ್ಣಿರಲಿ ಗಂಡಿರಲಿ, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ. ಕಾವಲಿನ ಗುಣ ಅದರಿಂದ ಕುಗ್ಗುವುದಿಲ್ಲ, ಬೆದೆಯ ಹೆಣ್ಣಿನ ಹಿಂದೆ ಮಂದೆ ಬಿಟ್ಟು ಹೋಗುವುದು ನಿಲ್ಲುತ್ತದೆ.

ರೋಗದ ವಿಷಯದಲ್ಲಿ ರೇಬೀಸ್ ಎಲ್ಲರಿಗೂ ಗೊತ್ತು: ಮೂರು ತಿಂಗಳಿಗೆ ಮೊದಲ ಚುಚ್ಚುಮದ್ದು, ನಂತರ ಪಶುವೈದ್ಯರು ಹೇಳಿದಂತೆ ವರ್ಷ ವರ್ಷ. ಮರಿಗಳನ್ನು ಸಾಲಾಗಿ ಕೊಲ್ಲುವ ಪಾರ್ವೊ, ಡಿಸ್ಟೆಂಪರ್‌ಗೂ ಲಸಿಕೆ ಇದೆ. ಡಿಸ್ಟೆಂಪರ್ ನಾಯಿಯಿಂದ ತೋಳ, ನರಿಗೂ ಹರಡುತ್ತದೆ. ಆದರೆ ಕುರಿ ಸಾಕುವವರು ಎಲ್ಲಕ್ಕಿಂತ ಹೆಚ್ಚು ಅಲಕ್ಷಿಸುವುದು ಲಾಡಿಹುಳುವನ್ನು. ಕುರಿಯೊಂದು ತಲೆ ಓರೆ ಮಾಡಿ ನಿಂತಲ್ಲೇ ಗಿರಗಿರ ಸುತ್ತಿ ಸಾಯುವುದನ್ನು ಎಲ್ಲ ಕುರಿಗಾಹಿಗಳೂ ನೋಡಿರುತ್ತಾರೆ. ಅದರ ಮೂಲ ಎಷ್ಟೋ ಸಲ ತಮ್ಮದೇ ನಾಯಿಯ ಹೊಟ್ಟೆಯಲ್ಲಿರುತ್ತದೆ. ನಾಯಿಯ ಕರುಳಿನಲ್ಲಿರುವ ಹುಳುವಿನ ಮೊಟ್ಟೆ ಹುಲ್ಲಿಗೆ ಬೀಳುತ್ತದೆ, ಕುರಿ ಮೇಯುತ್ತದೆ, ಕುರಿಯ ಮಿದುಳಿನಲ್ಲಿ ನೀರಿನ ಗುಳ್ಳೆ ಬೆಳೆಯುತ್ತದೆ. ಸತ್ತ ಆ ಕುರಿಯ ತಲೆಯನ್ನು ನಾಯಿಗೆ ಹಾಕಿದರೆ ಗುಳ್ಳೆ ಮತ್ತೆ ನಾಯಿಯ ಹೊಟ್ಟೆಯಲ್ಲಿ ಹುಳುವಾಗುತ್ತದೆ. ಇನ್ನೊಂದು ಜಾತಿಯ ಸಣ್ಣ ಲಾಡಿಹುಳುವಿನ ಮೊಟ್ಟೆ ಮನುಷ್ಯರ ಹೊಟ್ಟೆ ಸೇರಿದರೆ ಈಲಿಯಲ್ಲಿ, ಶ್ವಾಸಕೋಶದಲ್ಲಿ ದೊಡ್ಡ ಗುಳ್ಳೆ ಕಟ್ಟುತ್ತದೆ, ಕೊನೆಗೆ ಆಪರೇಷನ್ನೇ ಗತಿ. ಸತ್ತ ಕುರಿಯ ತಲೆ, ಈಲಿ, ಪುಪ್ಪುಸ ಹಸಿಯಾಗಿ ನಾಯಿಗೆ ಹಾಕದೆ ಆಳದಲ್ಲಿ ಹೂಳುವುದು, ನಾಯಿಗೆ ಮೂರು ತಿಂಗಳಿಗೊಮ್ಮೆ ಪ್ರಾಜಿಕ್ವಾಂಟೆಲ್ ಇರುವ ಜಂತುಮಾತ್ರೆ ಕೊಡಿಸುವುದು, ಇವೆರಡೇ ಸಾಕು ಆ ಸುತ್ತು ತುಂಡಾಗಲು.

ಸರ್ಕಾರದಿಂದ ಆಗಬೇಕಾದದ್ದೂ ದೊಡ್ಡದೇನಲ್ಲ. ಪಶುಸಂಗೋಪನೆ ಇಲಾಖೆಯವರು ಕುರಿಗಳಿಗೆ ಪಿಪಿಆರ್ ರೋಗದ ಲಸಿಕೆ ಹಾಕಲು ಹಟ್ಟಿಗಳಿಗೆ ಬರುತ್ತಾರೆ, ಕುರಿಯ ಲೆಕ್ಕ ಬರೆದುಕೊಳ್ಳುತ್ತಾರೆ. ಅದೇ ದಿನ ಅದೇ ಪೆಟ್ಟಿಗೆಯಲ್ಲಿ ನಾಯಿಗಳಿಗೆ ರೇಬೀಸ್ ಲಸಿಕೆ ಮತ್ತು ಜಂತುಮಾತ್ರೆ ಇರಲಿ. ಕುರಿಯ ಲೆಕ್ಕದ ಕೆಳಗೆ ಇನ್ನೊಂದು ಸಾಲು ಬರೆಯಲಿ: ಈ ಹಟ್ಟಿಯಲ್ಲಿ ಮಂದೆ ಕಾಯುವ ಹೆಣ್ಣುನಾಯಿ ಎಷ್ಟು, ವಯಸ್ಸೆಷ್ಟು, ಕಳೆದ ಸೂಲು ಯಾವಾಗ. ತಿಮ್ಮಾಪುರದ ಕೇಂದ್ರದವರು ಮುಧೋಳಕ್ಕೆ ಮಾಡಿದ ಕೆಲಸವನ್ನು ಹಿರಿಯೂರಿನ, ಹೊಸದುರ್ಗದ ಹಟ್ಟಿಯ ನಾಯಿಗೂ ಮಾಡಬೇಕೆಂದರೆ ಮೊದಲು ಬೇಕಾದದ್ದು ಈ ಪಟ್ಟಿ. ಅದು ಸಿದ್ಧವಾಗುವವರೆಗೆ, ಮುಂದಿನ ಸೂಲಿನಲ್ಲಿ ನಿಮ್ಮ ಮಂದೆಯ ನಾಯಿ ಆರು ಮರಿ ಹಾಕಿದರೆ, ತಾಯಿಯ ಜೊತೆಗೆ ರೊಪ್ಪದಲ್ಲಿ ಉಳಿಸಿಕೊಳ್ಳುವ ಮೊದಲ ಮರಿ ಹೆಣ್ಣಾಗಿರಲಿ.